ಗಂಟಲನ್ನು ನಂಬಿದ ಹುಡುಗ

ಹೋದ ಸಂಚಿಕೆಯಲ್ಲಿ ನಮ್ಮ ಡೊಂಬಿವಲಿ ಕಟ್ಟಡದ ನೀರಿನ ತೊಟ್ಟಿಯ ಪುರಾಣವನ್ನು ಮುಗಿಸುವಾಗ, ಮುಂದಿನ ಸಲ ಇದಕ್ಕಿಂತ ಉಪಯುಕ್ತವಾದದ್ದೇನನ್ನಾದರೂ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಈ ಸಲದ ವಿಷಯವೂ ಮಾತೇ. ಮಾತನ್ನು ಮಾರಿ ಹೊಟ್ಟೆ ಹೊರೆಯಬಹುದೆ ಎಂಬುದು ಪ್ರಶ್ನೆ. ವಕೀಲರೂ ಪುರೋಹಿತರೂ ಮಂತ್ರಿಗಳೂ ಹಿಂದಿನಿಂದ ಅದನ್ನೇ ಮಾಡಿಕೊಂಡು ಬಂದಿಲ್ಲವೆ ಎಂದು ನೀವು ಕೇಳಬಹುದು. ಆದರೆ ಅವರ ಮುಖ ನಮಗೆ ಕಾಣುತ್ತದೆ. ಮುಖ ಕಾಣದೆ ಬರಿಯ ಧ್ವನಿ ಮಾತ್ರ ಕೇಳಿಸುವ ಜನರ ವಿಷಯ ನಾನು ಹೇಳಹೊರಟಿರುವುದು.

ನಮ್ಮ ಅಕ್ಕ ಹಾಸನದಲ್ಲಿದ್ದಾಳೆ. ಅವಳ ಎರಡನೆಯ ಮಗ ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆಗೆ ಓದಿಕೊಳ್ಳುವುದಕ್ಕೆಂದು ಹೋದ ವರ್ಷ ದೀಪಾವಳಿಯ ಮಾರನೆಯ ವಾರ ನಮ್ಮ ಮನೆಗೆ ಬಂದ. ಬಂದವನು ಮೂರು ತಿಂಗಳು ಪುಸ್ತಕ ಹಿಡಿದು ಕೂತದ್ದೂ ನಿಜ. ನಾಲ್ಕನೆಯ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯನ್ನು ನೋಡಿಕೊಂಡೇ, "ಮಾವ, ನಾನು ಬ್ಯಾಂಕ್ ಪರೀಕ್ಷೆ ಬರೆಯೋದಿಲ್ಲ. ಧ್ವನಿ ಕೆಲಸ ಮಾಡ್ತೀನಿ" ಎಂದ. ನಮ್ಮಾಕೆ ಸಾರಿನ ಸೌಟು ಹಿಡಿದವಳು ಹಾಗೆಯೇ ನಿಂತಳು. ಧ್ವನಿ ಕೆಲಸವೆಂದರೇನೆಂದು ಅವಳಿಗೂ ತಿಳಿಯಲಿಲ್ಲ, ಒಂದು ಕ್ಷಣ ನನಗೂ ತಿಳಿಯಲಿಲ್ಲ.

ಎರಡೇ ದಿನದಲ್ಲಿ ಅಕ್ಕನ ಫೋನು ಬಂತು. "ಲೋ, ಹುಡುಗನ್ನ ನಿನ್ನ ಕೈಗೆ ಒಪ್ಪಿಸಿದ್ದು ಇದಕ್ಕೇನೋ? ಕೂಗೋ ಕೆಲಸಕ್ಕೆ ಬೊಂಬಾಯಿಗೇ ಬರಬೇಕಿತ್ತೆ? ಇಲ್ಲಿ ಸಂತೇಲೂ ಕೂಗಬಹುದಿತ್ತಲ್ಲ. ನೀನು ಸರ್ಕಾರಿ ನೌಕರೀಲಿರೋನು, ನಾಲ್ಕು ಬುದ್ಧಿ ಹೇಳು."

ಬುದ್ಧಿ ಹೇಳಲು ನಾನು ಸಿದ್ಧನಾಗಿಯೇ ಇದ್ದೆ. ಆದರೆ ಒಂದು ತೊಡಕಿತ್ತು. ಈ ಖಾಯಿಲೆ ನನಗೂ ಒಂದು ಕಾಲಕ್ಕೆ ತಗುಲಿದ್ದಿತು. ಬಿ.ಎ. ಓದುವಾಗ ಕಾಲೇಜಿನ ನಾಟಕಗಳಲ್ಲಿ ಪರದೆಯ ಹಿಂದಿನಿಂದ ಮಾತಾಡುವ ಆಕಾಶವಾಣಿಯ ಪಾತ್ರ ಯಾವಾಗಲೂ ನನಗೇ ಮೀಸಲು. ಮುಖಕ್ಕಿಂತ ಗಂಟಲು ವಾಸಿ ಎಂಬುದು ನಾಟಕದ ಮೇಷ್ಟರ ತೀರ್ಪು. ಬಾನುಲಿಯ ಧ್ವನಿಪರೀಕ್ಷೆಗೂ ಒಂದು ಸಲ ಹೋಗಿ ಬಂದೆ. ಫಲಿತಾಂಶ ಬರುವಷ್ಟರಲ್ಲಿ ಗುಮಾಸ್ತೆಯ ನೇಮಕದ ಆದೇಶ ಬಂತು. ಮನೆಯವರೆಲ್ಲ ದೇವರಿಗೆ ಕಾಯಿ ಒಡೆದರು. ನಾನೂ ಒಡೆದೆ.

ಮುಂಬಯಿಗೆ ಬಂದ ಮೇಲೆಯೂ ಆಸೆ ಪೂರ್ತಿ ಸತ್ತಿರಲಿಲ್ಲ. ಸಂಘದ ಸ್ನೇಹಿತರೊಬ್ಬರ ಮೂಲಕ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡದಲ್ಲಿ ಓದುವ ಕರೆ ಬಂತು. ಆಗ ಕಚೇರಿಯಲ್ಲಿ ನಿಯಮಪುಸ್ತಕ ತೆರೆದು ನೋಡಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಹದಿನೈದನೆಯದು ಈ ಬಗ್ಗೆ ಇದೆ. ಖಾಸಗಿ ವ್ಯಾಪಾರವಾಗಲಿ ಬೇರೆ ಉದ್ಯೋಗವಾಗಲಿ ಮಾಡಬೇಕಾದರೆ ಮುಂಚಿತವಾಗಿ ಮಂಜೂರಾತಿ ಬೇಕು. ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಸೇರಿದ ಕೆಲಸವನ್ನು, ಅದು ಆಗೊಮ್ಮೆ ಈಗೊಮ್ಮೆ ಮಾಡುವಂಥದಾದರೆ, ಕರ್ತವ್ಯಕ್ಕೆ ಭಂಗ ಬಾರದಂತೆ ಮಾಡಬಹುದು. ಈ 'ಆಗೊಮ್ಮೆ ಈಗೊಮ್ಮೆ' ಎಂಬ ಮಾತಿನೊಳಗೇ ನನ್ನ ಧ್ವನಿಜೀವನದ ಚರಿತ್ರೆಯೆಲ್ಲ ಅಡಗಿದೆ. ಏಳು ವರ್ಷಗಳಲ್ಲಿ ನಾನು ಓದಿದ್ದು ಮೂರು ಸಲ.

ಇಂಥವನು ಹುಡುಗನಿಗೆ ಏನು ಬುದ್ಧಿ ಹೇಳಿಯಾನು? "ನೋಡು, ಒಂದು ಶನಿವಾರ ನೀನು ಹೋಗುವ ಕಡೆಗೆ ನಾನೂ ಬರುತ್ತೇನೆ. ಕಣ್ಣಾರೆ ಕಂಡ ಮೇಲೆ ಮಾತಾಡೋಣ" ಎಂದೆ. ಕಡತ ನೋಡದೆ ಟಿಪ್ಪಣಿ ಬರೆಯಬಾರದೆಂಬುದು ಕಚೇರಿಯಲ್ಲಿ ನಾನು ಕಲಿತ ಮೊದಲ ಪಾಠ.

ಅಂಧೇರಿಯ ಪಶ್ಚಿಮಕ್ಕೆ ಒಂದು ಗಲ್ಲಿ. ಕೆಳಗೆ ಮೋಟಾರು ದುರಸ್ತಿಯ ಅಂಗಡಿ, ಮೇಲೆ ಧ್ವನಿಮುದ್ರಣ ಶಾಲೆ. ಒಳಗೆ ಹೋಗಿ ಬಾಗಿಲು ಹಾಕಿದರೆ ಮುಂಬಯಿಯೇ ಇಲ್ಲ! ಅಷ್ಟು ನಿಶ್ಶಬ್ದ. ಗಾಜಿನ ಆ ಕಡೆ ಪುಟ್ಟದೊಂದು ಕೋಣೆ. ಅದರ ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ ಬಡಿದಿದ್ದಾರೆ. ನಡುವೆ ಮೈಕು, ಕಾಗದ ಇಡಲು ಒಂದು ಪೀಠ, ಮುಂದೆ ಚಿತ್ರ ಕಾಣುವ ಪರದೆ. ಈ ಕಡೆ ಯಂತ್ರದ ಮುಂದೆ ಒಬ್ಬ ತರುಣ, ಪಕ್ಕದಲ್ಲಿ ನಿರ್ದೇಶಕರು. ಆ ದಿನ ಹಿಂದಿಯ ಧಾರಾವಾಹಿಯೊಂದಕ್ಕೆ ಕನ್ನಡದ ಮಾತು ಕೂಡಿಸುತ್ತಿದ್ದರು. ಹಿಂದಿನ ಕಾಲದಲ್ಲಿ ಎಲ್ಲ ಪಾತ್ರಧಾರಿಗಳೂ ಒಟ್ಟಿಗೆ ನಿಂತು, ಸುರುಳಿಯ ಒಂದು ತುಂಡನ್ನೇ ಮತ್ತೆ ಮತ್ತೆ ಓಡಿಸಿ ಮಾತಾಡುತ್ತಿದ್ದರಂತೆ. ಒಬ್ಬ ತಡವರಿಸಿದರೆ ಎಲ್ಲರೂ ಮೊದಲಿನಿಂದ ಹೇಳಬೇಕು. ಈಗ ಒಬ್ಬೊಬ್ಬರೇ ಬಂದು ತಮ್ಮ ಮಾತು ಮುಗಿಸಿ ಹೋಗುತ್ತಾರೆ. ಗಂಡ ಸೋಮವಾರ ಬೈದರೆ ಹೆಂಡತಿ ಗುರುವಾರ ಅಳುತ್ತಾಳೆ. ಪರದೆಯ ಮೇಲೆ ಅದು ಒಂದೇ ಜಗಳ.

ಕಿವಿಗೆ ಹಿಂದಿಯ ಮಾತು ಕೇಳಿಸುತ್ತಿರುತ್ತದೆ, ಕಣ್ಣಿಗೆ ತುಟಿ ಕಾಣುತ್ತಿರುತ್ತದೆ, ಬಾಯಿ ಕನ್ನಡ ಆಡಬೇಕು. ಇದರಲ್ಲಿರುವ ಕಷ್ಟ ನನಗೆ ಅಂದೇ ಗೊತ್ತಾದದ್ದು. ಪ, ಬ, ಮ ಈ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಚಿತ್ರದಲ್ಲಿ ತುಟಿ ಮುಚ್ಚಿದಾಗ ನೀವು 'ಕ' ಎಂದರೆ ಹಳ್ಳಿಯ ಮುದುಕಿಗೂ ಅದು ಎರವಲು ಧ್ವನಿ ಎಂದು ತಿಳಿದುಬಿಡುತ್ತದೆ. ಆ ದಿನದ ದೃಶ್ಯದಲ್ಲಿ ದಣಿದು ಬಂದವನೊಬ್ಬ 'ಪಾನೀ ಪಿಲಾವೋ' ಎನ್ನುತ್ತಾನೆ. ಕಾಗದದಲ್ಲಿ ಬರೆದಿದ್ದುದು 'ಕುಡಿಯಲು ನೀರು ಕೊಡು' ಎಂದು. ಅರ್ಥ ಸರಿಯೆ, ಆದರೆ ಅದರಲ್ಲಿ ತುಟಿ ಮುಚ್ಚುವ ಅಕ್ಷರ ಒಂದೂ ಇಲ್ಲ. ನಾಲ್ಕು ಸಲ ಹೇಳಿಸಿದರು, ಕೂಡಲಿಲ್ಲ. ನಮ್ಮ ಹುಡುಗ ಒಳಗಿನಿಂದಲೇ, "ಸಾರ್, 'ಬಾಯಿ ಬತ್ತಿದೆ' ಅನ್ನಲೇ?" ಎಂದು ಕೇಳಿದ. ಎಣಿಸಿ ನೋಡಿ: ಅಲ್ಲಿಯೂ ಐದು ಅಕ್ಷರ, ಇಲ್ಲಿಯೂ ಐದು. ಅಲ್ಲಿ ಮೊದಲನೆಯದೂ ಮೂರನೆಯದೂ ಪಕಾರ, ಇಲ್ಲಿ ಅದೇ ಸ್ಥಾನದಲ್ಲಿ ಬಕಾರ. ಒಂದೇ ಸಲಕ್ಕೆ ಕೂತಿತು. ನನಗೆ, ಸುಳ್ಳೇಕೆ ಹೇಳಲಿ, ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು. ಅಲ್ಲಿ ಸದ್ದು ಮಾಡುವಂತಿಲ್ಲವಾದ್ದರಿಂದ ಸುಮ್ಮನೆ ಕೂತೆ.

ಜಾಹೀರಾತಿನ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ತುಟಿಗಿಂತ ಗಡಿಯಾರ ಮುಖ್ಯ. ಮೂವತ್ತು ಸೆಕೆಂಡೆಂದರೆ ಮೂವತ್ತೇ ಸೆಕೆಂಡು. ಹಿಂದಿಯಲ್ಲಿ ಬರೆದ ಒಕ್ಕಣೆಯನ್ನು ಯಾರೋ ನಿಘಂಟು ಇಟ್ಟುಕೊಂಡು ಕನ್ನಡಿಸಿರುತ್ತಾರೆ. ವಿಭಕ್ತಿಪ್ರತ್ಯಯಗಳನ್ನೆಲ್ಲ ಬೆನ್ನಿಗೆ ಅಂಟಿಸಿಕೊಂಡ ನಮ್ಮ ಪದಗಳು ಉದ್ದವಾಗಿಬಿಡುತ್ತವೆ. 'ಅಭೀ ಖರೀದೇಂ' ಎಂಬ ಐದಕ್ಷರಕ್ಕೆ 'ಈಗಲೇ ಕೊಂಡುಕೊಳ್ಳಿ' ಎಂಬ ಏಳಕ್ಷರ. ಹೀಗೆಯೇ ಸಾಲು ಸಾಲಿಗೂ ಎರಡೆರಡು ಅಕ್ಷರ ಹೆಚ್ಚಿದರೆ, ಓದುವವನು ಕೊನೆಯ ಲೋಕಲ್ ಹಿಡಿಯುವವನ ಹಾಗೆ ಓಡಬೇಕು. ಕನ್ನಡ ಬಲ್ಲವನಾದರೆ 'ಇಂದೇ ತನ್ನಿ' ಎಂದು ನಾಲ್ಕಕ್ಷರದಲ್ಲಿ ಮುಗಿಸಿ, ಉಳಿದ ಒಂದರಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ. ಆದರೆ ಒಕ್ಕಣೆ ತಿದ್ದುವ ಅಧಿಕಾರ ಓದುವವನಿಗೆ ಇರುವುದಿಲ್ಲ. ದೂರದಲ್ಲೆಲ್ಲೋ ಕೂತ, ಕನ್ನಡದ ಒಂದಕ್ಷರ ಬಾರದ ಮಹಾಶಯರು ಒಪ್ಪಬೇಕು. ನಮ್ಮ ಕಿರುತೆರೆಯಲ್ಲಿ ಬಟ್ಟೆ ತೊಳೆಯುವ ಸೋಪಿನಿಂದ ಹಿಡಿದು ವಿಮೆಯವರೆಗೆ ಎಲ್ಲವೂ ಆಡುತ್ತಿರುವ ವಿಚಿತ್ರ ಕನ್ನಡಕ್ಕೆ ಕಾರಣ ಏನೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ಅಂಧೇರಿಯ ಆ ಗಲ್ಲಿಯಲ್ಲಿ ಉತ್ತರ ಸಿಕ್ಕಿತು. ಮುಂಬಯಿ ಕನ್ನಡಿಗರ ಮಕ್ಕಳಿಗೆ ಅಲ್ಲಿ ಕೆಲಸವೂ ಇದೆ, ಆ ಕೆಲಸದ ಅವಶ್ಯಕತೆಯೂ ಇದೆ.

ಡಬ್ಬಿಂಗಿನ ಮಾತು ಬಂದದ್ದರಿಂದ ಒಂದು ಹಳೆಯ ವಿಷಯ ಹೇಳಬೇಕು. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ಹೊರಗಿನ ಚಿತ್ರಗಳಿಗೆ ಕನ್ನಡದ ಮಾತು ತೊಡಿಸಿ ಕರ್ನಾಟಕದಲ್ಲಿ ತೋರಿಸುವುದು ಸುಮಾರು ಅರ್ಧ ಶತಮಾನ ನಿಂತೇ ಹೋಗಿತ್ತು. ಕಾನೂನಿನಿಂದಲ್ಲ, ಚಿತ್ರೋದ್ಯಮದವರ ಒಗ್ಗಟ್ಟಿನಿಂದ. 1960ರ ದಶಕದಲ್ಲಿ ಅನಕೃ ಮೊದಲಾದವರು ಕನ್ನಡ ಚಿತ್ರಗಳ ಪರವಾಗಿ ನಡೆಸಿದ ಚಳವಳಿಯ ಹಿನ್ನೆಲೆ ಅದಕ್ಕಿತ್ತು. ಆಗ ಅದಕ್ಕೆ ಅರ್ಥವಿತ್ತು: ಬೆಂಗಳೂರಿನ ಚಿತ್ರಮಂದಿರದಲ್ಲೇ ಕನ್ನಡ ಚಿತ್ರಕ್ಕೆ ಜಾಗ ಸಿಗದಿದ್ದ ದಿನಗಳು ಅವು. ಆಮೇಲೆ ಕಾಲ ಬದಲಾಯಿತು, ಕಟ್ಟು ಬದಲಾಗಲಿಲ್ಲ. ಕಡೆಗೆ ಗ್ರಾಹಕರ ಕೂಟವೊಂದರ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2015ರ ಜುಲೈ ತಿಂಗಳಲ್ಲಿ ಇಂಥ ತಡೆ ಸಲ್ಲದೆಂದು ತೀರ್ಮಾನ ಕೊಟ್ಟು, ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನ ಚಿತ್ರವೊಂದು 'ಸತ್ಯದೇವ್ ಐ.ಪಿ.ಎಸ್.' ಎಂಬ ಹೆಸರಿನಿಂದ ಕನ್ನಡ ಮಾತಾಡುತ್ತ ಬಂತು. 2020ರಲ್ಲಿ ಕೊರೋನಾದಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಹಿಂದಿಯ 'ಮಹಾಭಾರತ'ಕ್ಕೆ ಕನ್ನಡದ ಧ್ವನಿ ಬಂತು. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ನಾಲ್ಕು. ನಾಲ್ಕೂ ಮನೆಯ ಮಕ್ಕಳು ಆಗ ಕೃಷ್ಣನ ಹಾಗೆ ಮಾತಾಡಲು ಕಲಿತುವು. ಮನೆಯಲ್ಲಿ 'ಮಮ್ಮಿ, ಪಾಣಿ ದೇ' ಎನ್ನುತ್ತಿದ್ದ ಮಗು 'ಮಾತೆ, ಜಲವನ್ನು ಕೊಡು' ಎಂದಿತು. ಡಬ್ಬಿಂಗಿನಿಂದ ಕನ್ನಡ ಕೆಡುತ್ತದೆಯೋ ಉಳಿಯುತ್ತದೆಯೋ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ನನ್ನ ಅನುಭವಕ್ಕೆ ಬಂದದ್ದು ಇಷ್ಟು.

ಮುಂಬಯಿಗೂ ಕನ್ನಡದ ಧ್ವನಿಗೂ ಇರುವ ನಂಟು ಹೊಸದಲ್ಲ. ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ 1948ರಲ್ಲಿ ಹುಟ್ಟಿದ್ದು. ಮುಖ್ಯ ಚಿತ್ರಕ್ಕೆ ಮುಂಚೆ ಚಿತ್ರಮಂದಿರಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ಸಮಾಚಾರಚಿತ್ರಗಳೂ ಸಾಕ್ಷ್ಯಚಿತ್ರಗಳೂ ಅಲ್ಲಿಂದಲೇ ದೇಶದ ಹಲವು ಭಾಷೆಗಳಲ್ಲಿ ಹೊರಡುತ್ತಿದ್ದುವು. ಕನ್ನಡವೂ ಅವುಗಳಲ್ಲಿ ಒಂದು. ಹಾಸನದ ಟೆಂಟಿನಲ್ಲಿ ಕೂತು ನಮ್ಮ ತಂದೆ ಕೇಳಿದ ಅಣೆಕಟ್ಟಿನ ವರ್ಣನೆ, ನೆರೆಹಾವಳಿಯ ವರದಿ ಎಲ್ಲವೂ ಆ ಧ್ವನಿಗಳಲ್ಲಿ. ಆ ಸಂಸ್ಥೆಯನ್ನು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ಸೇರಿಸಿದರು. ಆ ಧ್ವನಿಗಳ ಹಿಂದಿದ್ದವರ ಹೆಸರನ್ನು ನಮ್ಮ ತಂದೆ ಎಂದೂ ಕೇಳಿದವರಲ್ಲ.

ಹೆಸರು ಬಂದವರೂ ಇದ್ದಾರೆ. ಹುಡುಗನ ಪಟ್ಟಿಯಲ್ಲಿ ಮೊದಲನೆಯವರು ಸಾಯಿಕುಮಾರ್. ತೆಲುಗಿನಲ್ಲಿ ಸುಮನ್, ರಾಜಶೇಖರ್ ಮೊದಲಾದ ನಾಯಕರಿಗೆ ವರ್ಷಗಟ್ಟಲೆ ಧ್ವನಿ ಕೊಟ್ಟವರು, 1996ರಲ್ಲಿ 'ಪೊಲೀಸ್ ಸ್ಟೋರಿ'ಯಿಂದ ಕನ್ನಡಿಗರ ಮನೆಮಾತಾದರು. ಅವರ ತಂದೆ ಪಿ.ಜೆ. ಶರ್ಮ ಅವರದೂ ಅದೇ ವೃತ್ತಿ. ತಮ್ಮ ರವಿಶಂಕರ್ 'ಅರುಂಧತಿ'ಯಲ್ಲಿ ಖಳನಾಯಕನಿಗೆ ಧ್ವನಿ ಕೊಟ್ಟು, ಆಮೇಲೆ 2011ರಲ್ಲಿ 'ಕೆಂಪೇಗೌಡ'ದಲ್ಲಿ ತಾವೇ ಖಳನಾಯಕರಾಗಿ ಗುಡುಗಿದರು. ಪಟ್ಟಿಯ ಎರಡನೆಯ ಹೆಸರು ಅಮಿತಾಭ್ ಬಚ್ಚನ್. ಬಾನುಲಿಯಲ್ಲಿ ಬೇಡವೆನ್ನಿಸಿಕೊಂಡ ಆ ಧ್ವನಿಯನ್ನು ಮೃಣಾಲ್ ಸೇನರು 1969ರಲ್ಲಿ 'ಭುವನ್ ಶೋಮ್' ಚಿತ್ರದ ನಿರೂಪಣೆಗೆ ಬಳಸಿಕೊಂಡರು. ಈ ವೃತ್ತಿಗೆ ಬರುವ ಪ್ರತಿಯೊಬ್ಬ ಹುಡುಗನೂ ಈ ಕಥೆಯನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾನೆ. ಬಾನುಲಿ ಬೇಡವೆಂದ ಉಳಿದ ಸಾವಿರಾರು ಜನರ ಕಥೆ ಯಾರ ಜೇಬಿನಲ್ಲೂ ಇರುವುದಿಲ್ಲ. ನಾನು ಇದನ್ನು ಹೇಳಿದಾಗ ಹುಡುಗ ಮುಖ ಸಣ್ಣದು ಮಾಡಿಕೊಂಡ. ಅಮೇಲೆ ಅವನಿಗೆ ಅಪರ್ಣಾ ಅವರ ವಿಷಯ ಹೇಳಿದೆ.

ಅಪರ್ಣಾ ವಸ್ತಾರೆ ಅವರನ್ನು ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು'ವಿನ ಕಾಲದಿಂದ ಕನ್ನಡಿಗರು ಬಲ್ಲರು. ಬಾನುಲಿ, ದೂರದರ್ಶನ, ವೇದಿಕೆಯ ನಿರೂಪಣೆ, ಎಲ್ಲದರಲ್ಲಿಯೂ ಅಚ್ಚಕನ್ನಡದ ತಿಳಿ ಉಚ್ಚಾರಣೆ ಅವರದು. 2011ರಲ್ಲಿ ಬೆಂಗಳೂರಿನ ಮೆಟ್ರೋ ಓಡಲು ತೊಡಗಿದಾಗ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ತಿಳಿಸಿದ ಧ್ವನಿ ಅವರದೇ. 2024ರ ಜುಲೈ 11ರಂದು ಅವರು ತೀರಿಕೊಂಡರು. ಅದಾದ ಕೆಲವು ವಾರಗಳಿಗೆ ನಾನು ರಜೆಯ ಮೇಲೆ ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತಿದ್ದೆ. ಮುಂದಿನ ನಿಲ್ದಾಣದ ಹೆಸರು ಅದೇ ಧ್ವನಿಯಲ್ಲಿ ಬಂತು. ಎದುರಿಗೆ ಕೂತಿದ್ದ ಹೆಂಗಸೊಬ್ಬರು ಫೋನಿನಿಂದ ತಲೆಯೆತ್ತಿ ಮೇಲೆ ನೋಡಿದರು. ಅವರು ನೋಡಿದ ಕಡೆ ಧ್ವನಿವರ್ಧಕದ ತೂತುಗಳು ಬಿಟ್ಟು ಬೇರೇನೂ ಇರಲಿಲ್ಲ. ಹಾಗೆಯೇ ಸ್ವಲ್ಪ ಹೊತ್ತು ನೋಡುತ್ತಿದ್ದು, ತಮ್ಮ ನಿಲ್ದಾಣ ಬಂದಾಗ ಇಳಿದುಹೋದರು.

ಇದನ್ನು ಕೇಳಿ ಹುಡುಗ, "ಮಾವ, ಆ ತರಹ ಹೇಳೋದಕ್ಕೆ ಎಷ್ಟು ವರ್ಷ ಬೇಕು?" ಎಂದ. ಅವನು ಕೆಲಸ ಎಷ್ಟು ಸಿಗುತ್ತದೆಂದು ಕೇಳದೆ ಇದನ್ನು ಕೇಳಿದ್ದರಿಂದ ನನ್ನ ಬುದ್ಧಿವಾದದ ಅರ್ಧ ಅಲ್ಲಿಯೇ ಬಿದ್ದುಹೋಯಿತು.

ಸರಿ, ಸಾಧನೆ ಶುರುವಾಯಿತು. ದಿನಾ ಬೆಳಗ್ಗೆ ಅರ್ಧ ಗಂಟೆ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು. ಹಾಸನದವನಾದ್ದರಿಂದ ಹಕಾರದ್ದೇ ದೊಡ್ಡ ತೊಂದರೆ; 'ಹಾಲು' ಒಮ್ಮೊಮ್ಮೆ 'ಆಲು' ಆಗುತ್ತದೆ, ಹೆದರಿಕೆಯಿಂದ 'ಆನೆ'ಯೂ 'ಹಾನೆ' ಆಗುತ್ತದೆ. ನಮ್ಮ ಮುಂಬಯಿಯ ಮಕ್ಕಳಿಗೆ ಮರಾಠಿಯ ದಯದಿಂದ ಳಕಾರ ಣಕಾರಗಳು ಉಳಿದಿವೆ. ರಾಗ ಮಾತ್ರ ಕೆಟ್ಟಿದೆ. ದೆಹಲಿಯ ನಮ್ಮ ಬಂಧುಗಳ ಮಕ್ಕಳಿಗೆ ಳಕಾರವೇ ಹೋಗಿ, 'ಬಾಳೆಹಣ್ಣು' 'ಬಾಲೆಹನ್ನು' ಆಗಿದೆ. ಈ ಪತ್ರಿಕೆ ಓದುವ ತಾಯಂದಿರು ಮಕ್ಕಳಿಂದ ದಿನಕ್ಕೆ ಹತ್ತು ಸಾಲು ಗಟ್ಟಿಯಾಗಿ ಓದಿಸಿದರೆ, ಮುಂದೆ ಅವು ಧ್ವನಿಯ ಕೆಲಸಕ್ಕೆ ಹೋಗಲಿ ಬಿಡಲಿ, ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವುದಕ್ಕಾದರೂ ಬರುತ್ತದೆ.

ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಬೇಕು. ಪಕಾರ ಫಕಾರಗಳ ಗಾಳಿ ಮೈಕಿಗೆ ಬಡಿಯದಂತೆ ನಡುವೆ ತೆಳುಬಟ್ಟೆಯ ಜರಡಿಯಂಥದೊಂದು ಇರುತ್ತದೆ. ಇವನು ಅದನ್ನು ನಮ್ಮಾಕೆಯ ಕಸೂತಿಯ ಬಳೆಗೆ ಹಳೆಯ ಕಾಲುಚೀಲ ಬಿಗಿದು ತಯಾರಿಸಿದ. ಈಗೀಗ ಧ್ವನಿಪರೀಕ್ಷೆಗೆ ಯಾರೂ ಕರೆದು ಕೂರಿಸುವುದಿಲ್ಲ. ನಾಲ್ಕು ಸಾಲು ಕಳಿಸುತ್ತಾರೆ. ಮನೆಯಲ್ಲೇ ಮುದ್ರಿಸಿ ಒಂದು ಗಂಟೆಯೊಳಗೆ ಕಳಿಸಬೇಕು. ಡೊಂಬಿವಲಿಯಲ್ಲಿ ನಿಶ್ಶಬ್ದವಾದ ಒಂದು ಗಂಟೆಯನ್ನು ಎಲ್ಲಿಂದ ತರುವುದು? ನಮ್ಮ ಮನೆಯ ಹಿಂದೆ ರೈಲು, ಮುಂದೆ ರಿಕ್ಷಾ, ಮೇಲೆ ಗೋಡೆ ಕೊರೆಯುವವರು, ಒಳಗೆ ಕುಕ್ಕರಿನ ಕೂಗು. ಕಡೆಗೆ ಬಟ್ಟೆಯ ಬೀರುವನ್ನು ತೆರೆದು, ನೇತುಹಾಕಿದ ನನ್ನ ಅಂಗಿಗಳ ನಡುವೆ ತಲೆ ತೂರಿಸಿ, ಬೆನ್ನ ಮೇಲೆ ರಜಾಯಿ ಹೊದ್ದು ಓದುವುದನ್ನು ಕಂಡುಕೊಂಡ. ಅನೇಕರು ಹೀಗೆಯೇ ಮಾಡುತ್ತಾರಂತೆ. ಬಟ್ಟೆ ಸದ್ದನ್ನು ನುಂಗುತ್ತದೆ. ಮೇ ತಿಂಗಳ ಸೆಕೆಯಲ್ಲಿ, ರಾತ್ರಿ ಎರಡು ಗಂಟೆಗೆ, ಬೀರುವಿನೊಳಗಿನಿಂದ "ಚಳಿಗಾಲದಲ್ಲಿ ನಿಮ್ಮ ತ್ವಚೆಗೆ ಮೃದುವಾದ ಆರೈಕೆ" ಎಂಬ ಇಂಪಾದ ಧ್ವನಿ ಬರುವುದನ್ನು ನೀವು ಕೇಳಿಲ್ಲ. ನಾನು ಕೇಳಿದ್ದೇನೆ. ನೀರು ಕುಡಿಯಲು ಎದ್ದ ನಮ್ಮಾಕೆ ಮೊದಲನೆಯ ಸಲ ಹೆದರಿ ಲೋಟ ಬೀಳಿಸಿದಳು. ಆ ಲೋಟದ ಸದ್ದೂ ಮುದ್ರಣವಾಗಿ, ಆರೈಕೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಲೆಕ್ಕ ನನ್ನ ಕೈಯಲ್ಲಿತ್ತು. ಗುಮಾಸ್ತನ ಮನೆಯಲ್ಲಿ ಯಾವ ಸಾಹಸವೂ ಲೆಕ್ಕದ ಪುಸ್ತಕವಿಲ್ಲದೆ ನಡೆಯುವುದಿಲ್ಲ. ಮೊದಲ ಆರು ತಿಂಗಳಲ್ಲಿ ಅವನು ಕಳಿಸಿದ ಮಾದರಿಗಳು 61. ಸಿಕ್ಕಿದ ಕೆಲಸ 9. ಹಣ ಬಂದದ್ದು 6ಕ್ಕೆ. ಬಂದದ್ದೂ ಮೂರು ತಿಂಗಳ ಮೇಲೆ, ಮೂಲದಲ್ಲೇ ತೆರಿಗೆ ಮುರಿದುಕೊಂಡು. ಒಂದು ಕಡೆಯವರು ಮಾದರಿಗೆಂದು ಓದಿಸಿಕೊಂಡದ್ದನ್ನೇ ಬಳಸಿಬಿಟ್ಟು, ಕೇಳಿದರೆ ಫೋನು ಎತ್ತಲಿಲ್ಲ. ಅಂದಿನಿಂದ ಮಾದರಿಯ ನಡುವೆ ಒಂದು ಪದವನ್ನು ಬೇಕೆಂದೇ ತಪ್ಪಾಗಿ ಓದುವ ಉಪಾಯವನ್ನು ಹಿರಿಯ ಕಲಾವಿದರೊಬ್ಬರು ಹೇಳಿಕೊಟ್ಟರು. ಲೋಕಲ್ ಪಾಸು, ಮೈಕು, ತಂತಿ, ಅರಿಶಿನದ ಹಾಲು ಎಲ್ಲ ಕಳೆದರೆ, ಆರು ತಿಂಗಳಿಗೆ ಉಳಿದದ್ದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಡಮೆ. ಅಕ್ಕನಿಗೆ ಈ ಅಂಕಿಗಳನ್ನು ನಾನು ಹೇಳಿಲ್ಲ. ಅವಳು ಈ ಪತ್ರಿಕೆಯನ್ನು ಓದುವುದಿಲ್ಲವೆಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ.

ಹೋದ ತಿಂಗಳು ಒಂದು ಕರೆ ಬಂತು. ಮೂವತ್ತು ಗಂಟೆ ಕನ್ನಡ ಓದಬೇಕು: ಕಥೆಯಲ್ಲ, ನಾಟಕವಲ್ಲ, ಬಿಡಿಬಿಡಿ ವಾಕ್ಯಗಳು. ಸಂತೋಷದಲ್ಲಿ ಕೆಲವು, ಕೋಪದಲ್ಲಿ ಕೆಲವು, ಅಂಕಿಗಳು, ಊರ ಹೆಸರುಗಳು. ಕೊಡುವ ಹಣ ಆರು ತಿಂಗಳ ಗಳಿಕೆಯ ನಾಲ್ಕರಷ್ಟು, ಅದೂ ಒಂದೇ ಗಂಟಿನಲ್ಲಿ. ಹುಡುಗ ಕುಣಿದಾಡಿದ. "ಮಾವ, ಅಮ್ಮನಿಗೆ ಒಂದು ರೇಷ್ಮೆ ಸೀರೆ!" ಎಂದ. ಒಪ್ಪಂದದ ಕಾಗದವನ್ನು ನನಗೆ ಕೊಟ್ಟ.

ಹದಿನಾಲ್ಕು ಪುಟ. ಊಟವಾದ ಮೇಲೆ ಅಡಿಗೆಮನೆಯ ಮೇಜಿನ ಮೇಲಿಟ್ಟು, ಕಚೇರಿಯ ಕಡತದಂತೆ ಒಂದೊಂದೇ ಕಂಡಿಕೆ ಓದಿದೆ. ಹನ್ನೊಂದನೆಯ ಪುಟದಲ್ಲಿ ವಿಷಯ ಇತ್ತು. ಈ ಧ್ವನಿಯನ್ನು ಯಂತ್ರಕ್ಕೆ ಮಾತು ಕಲಿಸಲು ಬಳಸಬಹುದು. ಈಗ ಇರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ, ಲೋಕದ ಎಲ್ಲೆಡೆ, ಶಾಶ್ವತವಾಗಿ. ಅದರಿಂದ ತಯಾರಾದ ಧ್ವನಿಯ ಮೇಲೆ ಓದಿದವನಿಗೆ ಯಾವ ಹಕ್ಕೂ ಇಲ್ಲ. ಅಂದರೆ ಇವನ ಧ್ವನಿ ಇವನು ಎಂದೂ ಆಡದ ಮಾತನ್ನು ಆಡಬಹುದು. ಇವನಿಗೆ ಸಿಗಬೇಕಾದ ಕೆಲಸಕ್ಕೆ ಇವನ ಧ್ವನಿಯೇ ಕಡಮೆ ಬೆಲೆಗೆ ಪೈಪೋಟಿಗೆ ನಿಲ್ಲಬಹುದು.

ಇದು ಬರಿಯ ಹೆದರಿಕೆಯಲ್ಲ. ಅಮೆರಿಕದಲ್ಲಿ 2023ರಲ್ಲಿ ನಟರ ಸಂಘ ನಾಲ್ಕು ತಿಂಗಳು ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿಯೇ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಯಂತ್ರದಿಂದ ನಕಲು ಮಾಡುತ್ತಿದ್ದವರ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಮಧ್ಯಂತರ ತಡೆ ಕೊಟ್ಟಿತು. ಆದರೆ ಅದು ಹೆಸರಾಂತ ಗಾಯಕರ ಮಾತು, ಅವರು ಅನುಮತಿ ಕೊಟ್ಟಿರಲಿಲ್ಲ. ಇಲ್ಲಿ ಹುಡುಗ ಕೈಯಾರೆ ರುಜು ಹಾಕಿ ಕೊಟ್ಟರೆ ಯಾವ ನ್ಯಾಯಾಲಯಕ್ಕೆ ಹೋಗುವುದು? ಹಕ್ಕುಸ್ವಾಮ್ಯದ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿ ಪ್ರದರ್ಶನ ಕೊಟ್ಟವನಿಗೂ ಕೆಲವು ಹಕ್ಕು ಕೊಟ್ಟಿದೆ: ತನ್ನ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕು, ತನ್ನ ಪ್ರದರ್ಶನವನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕು. ಯಂತ್ರ ತಾನೇ ಆಡಿದ ಮಾತು ಯಾರ ಪ್ರದರ್ಶನ? ನಮ್ಮ ಕಚೇರಿಯ ಕಾನೂನು ವಿಭಾಗದವರನ್ನು ಚಹಾದ ವೇಳೆಯಲ್ಲಿ ಕೇಳಿದೆ. ಅವರು ಚಹಾ ಆರುವವರೆಗೂ ಯೋಚಿಸಿ, "ರಾಯರೇ, ಇದಕ್ಕೆ ಪೂರ್ವನಿದರ್ಶನ ನೋಡಬೇಕು" ಎಂದರು.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳಲು, ಓದುಬರಹ ಬಾರದ ರೈತನಿಗೆ ಸರ್ಕಾರದ ಕಾಗದ ತಿಳಿಸಲು ಯಂತ್ರಕ್ಕೆ ಕನ್ನಡ ಬರಬೇಕೆಂಬುದು ನಿಜವೇ. ಸರ್ಕಾರವೂ 2022ರಿಂದ 'ಭಾಷಿಣಿ' ಎಂಬ ಹೆಸರಿನಲ್ಲಿ ಇಂಥ ಪ್ರಯತ್ನ ನಡೆಸಿದೆ. ಕನ್ನಡಿಗರಾರೂ ಧ್ವನಿ ಕೊಡದಿದ್ದರೆ ಯಂತ್ರವೂ ಆ ಸೋಪಿನ ಜಾಹೀರಾತಿನ ಕನ್ನಡವನ್ನೇ ಕಲಿಯುತ್ತದೆ. ಆದ್ದರಿಂದ ಬೇಡವೇ ಬೇಡ ಎಂದು ಹುಡುಗನಿಗೆ ನನ್ನಿಂದ ಹೇಳಲಾಗಲಿಲ್ಲ. ಸೀರೆಯ ಮಾತೂ ಕಿವಿಯಲ್ಲಿತ್ತು.

ರಾತ್ರಿ ಹನ್ನೆರಡರವರೆಗೆ ಕೂತು ಇಬ್ಬರೂ ಒಂದು ಪತ್ರ ಬರೆದೆವು. ಬಳಕೆಗೆ ಮೂರು ವರ್ಷದ ಗಡುವು; ಯಾವ ಕೆಲಸಕ್ಕೆಂದು ಹೆಸರಿಸಬೇಕು; ಚುನಾವಣೆ, ಸಾಲ, ಮದ್ಯ ಈ ಮೂರಕ್ಕೆ ಬಳಸಕೂಡದು; ಇನ್ನೊಬ್ಬರಿಗೆ ಮಾರುವುದಾದರೆ ಮತ್ತೆ ಕೇಳಬೇಕು. ಈ ಕಲಮುಗಳನ್ನು ನಾನು ಹೇಳಿದೆ, ಅವನು ಬರೆದ. ಕಡೆಗೆ 'ಸಾಲ' ಎಂಬುದನ್ನು ಹೊಡೆದುಹಾಕೋಣವೆ ಎಂದು ಕೇಳಿದ. ಬೇಡ, ಇರಲಿ ಎಂ‌ದೆ. ನಾಳೆ ಇವನ ಧ್ವನಿಯೇ ಹಾಸನಕ್ಕೆ ಫೋನು ಮಾಡಿ ಅಕ್ಕನನ್ನು ಬಾಕಿ ಕಂತು ಕೇಳಿದರೆ ಅವಳು ಏನೆಂದುಕೊಂಡಾಳು?

ಪತ್ರ ಹೋಗಿ ಇಪ್ಪತ್ತೆರಡು ದಿನವಾಯಿತು. ಉತ್ತರ ಬಂದಿಲ್ಲ. ಮೊನ್ನೆ ಅಕ್ಕ ಫೋನು ಮಾಡಿದ್ದಳು. ಬೈಯುವಳೆಂದು ನಾನು ಕಾದಿದ್ದರೆ, "ಈಗ ಟೀವೀಲಿ ಜಾಹೀರಾತು ಬಂದಾಗ ಎದ್ದು ಹೋಗೋದಕ್ಕೇ ಆಗೋದಿಲ್ಲ ಕಣೋ. ಇವನದೇ ಇರಬಹುದು ಅಂತ ಕೂತ್ಕೋತೀನಿ. ಹಾಲು ಎರಡು ಸಲ ಉಕ್ಕಿಹೋಯ್ತು. ಅದ್ಯಾವುದೋ ಪೈಪಿನ ಜಾಹೀರಾತು ಬರುತ್ತಲ್ಲ, ಅದು ಅವನೇನಾ?" ಎಂದಳು. ಅದು ಅವನಲ್ಲ. ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಹುಡುಗ ಆಗ ಬೀರುವಿನೊಳಗಿದ್ದ.